ಡಿಸೆಂಬರಿನ ಮೊದಲ ಭಾನುವಾರ ಹಳ್ಳಕ್ಕೆ ಬನ್ನಿ

(ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇಂದು ನಾನು ಉಪನ್ಯಾಸ ನೀಡಲು ಬಂದಿಲ್ಲ, ನಿಮ್ಮನ್ನು ಒಂದು ಕೆಲಸಕ್ಕೆ ಕರೆಯಲು ಬಂದಿದ್ದೇನೆ. ಡಿಸೆಂಬರ್ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಹಾಗೂ ಮರುದಿನ ಭಾನುವಾರ ನಮ್ಮೂರ ಹಳ್ಳಕ್ಕೆ ಕಟ್ಟ ಹಾಕಬೇಕಾಗಿದೆ. ಕರೆಯುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಾನು ಚಿಕ್ಕವನಿದ್ದಾಗ ಮಳೆ ಹಿಂದೆಗೆದ ಮೇಲೆ ಮನೆಗೊಬ್ಬರಂತೆ ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಹಳ್ಳಕ್ಕೆ ಇಳಿಯುತ್ತಿದ್ದರು. ಕಲ್ಲು, ಮಣ್ಣು, ಸೊಪ್ಪು, ಅಡಕೆ ದಬ್ಬೆ ಸೇರಿಸಿ ಕಟ್ಟ ಕಟ್ಟುತ್ತಿದ್ದರು. ಕೂಲಿಯ ಮಾತಿರಲಿಲ್ಲ. ಇಂದು ನಿಮ್ಮಲ್ಲಿಗೆ ನಾವು, ನಾಳೆ ನಮ್ಮಲ್ಲಿಗೆ ನೀವು ಎಂಬ ಮುಯ್ಯಾಳಿನ ಲೆಕ್ಕವಷ್ಟೇ ಇತ್ತು. ತೋಟಕ್ಕೆ ಕೊಳವೆಬಾವಿ ತೆಗೆಸಿದ ವರ್ಷ ನಾನು ಆ ಕೆಲಸಕ್ಕೆ ಹೋಗುವುದನ್ನು ಬಿಟ್ಟೆ. ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನೇ ಬಿಟ್ಟ ಮೇಲೆ ಉಳಿದವರನ್ನು ದೂರುವುದು ಹೇಗೆ? ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ಈಗ ಮಾರ್ಚ್ ಬಂತೆಂದರೆ ಹಳ್ಳದ ಬದಿಯ ಬಾವಿಗಳಲ್ಲಿ ಕೊಡ ಮುಳುಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ನನ್ನ ಕೊಳವೆಬಾವಿಯೂ ಅರ್ಧ ಗಂಟೆ ನೀರು ಕೊಟ್ಟು ನಿಂತುಬಿಡುತ್ತಿತ್ತು.

ನಮಗೆ ಮಳೆಯ ಬಡತನವಿಲ್ಲ. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 3,000 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ಎಕರೆಯೊಂದಕ್ಕೆ 1 ಕೋಟಿ 20 ಲಕ್ಷ ಲೀಟರ್! ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ಹರಿದು, ಸಮುದ್ರದ ದಾರಿ ಹಿಡಿಯುತ್ತದೆ. ಮಳೆಗಾಲದ ನಂತರ ಹಳ್ಳದಲ್ಲಿ ಉಳಿಯುವ ಸಣ್ಣ ಹರಿವೇ ನಮ್ಮ ಬೇಸಿಗೆಯ ಬುತ್ತಿ. ಕಟ್ಟ ಹಾಕಿದರೆ ಆ ನೀರು ನಿಲ್ಲುತ್ತದೆ, ನಿಂತ ನೀರು ಎರಡೂ ದಡಗಳ ಮಣ್ಣಿಗೆ, ಜಂಬಿಟ್ಟಿಗೆಯ ಸಂದುಗಳಿಗೆ ನುಗ್ಗುತ್ತದೆ, ಸುತ್ತಲಿನ ಬಾವಿಗಳನ್ನು ತಲಪುತ್ತದೆ. ಕಾಸರಗೋಡು ಜಿಲ್ಲೆಯ ಏತಡ್ಕದ ಕೃಷಿಕರು ಒಂದೇ ಹಳ್ಳಕ್ಕೆ ಸಾಲಾಗಿ ಕಟ್ಟಗಳನ್ನು ಹಾಕುವ ರೂಢಿಯನ್ನು ದಶಕಗಳ ಕಾಲ ಉಳಿಸಿಕೊಂಡು ಬಂದವರು. ಪತ್ರಕರ್ತ ಶ್ರೀ ಪಡ್ರೆಯವರ ಬರಹಗಳಿಂದ ಅದು ನಾಡಿಗೆಲ್ಲ ತಿಳಿಯಿತು.

ಕಳೆದ ವರ್ಷವೂ ನಾವು ಈ ಪ್ರಯತ್ನ ಮಾಡಿದ್ದೆವು. ‘ಶ್ರಮದಾನಕ್ಕೆ ಸರ್ವರಿಗೂ ಸ್ವಾಗತ’ ಎಂದು ಕರಪತ್ರ ಹಂಚಿದೆವು, ಮೊಬೈಲುಗಳಿಗೆ ಸಂದೇಶ ಕಳಿಸಿದೆವು. ಬಂದವರು ಏಳು ಜನ. ಮಧ್ಯಾಹ್ನದ ಹೊತ್ತಿಗೆ ಬೆನ್ನು ಸೋತು ಕಟ್ಟ ಅರ್ಧಕ್ಕೇ ನಿಂತಿತು. ಬೇಸರದಿಂದ ಹಿರಿಯರೊಬ್ಬರ ಬಳಿ ಹೇಳಿಕೊಂಡಾಗ ಅವರೆಂದರು: “ಕರೆದದ್ದು ಕಾಗದ, ನೀವಲ್ಲ. ಮದುವೆಗೆ ಹೀಗೆ ಕರೆಯುತ್ತೀರೇನು?” ಆ ಮಾತು ನನ್ನನ್ನು ಇನ್ನೂ ಚುಚ್ಚುತ್ತಿದೆ.

ಆದ್ದರಿಂದ ಈ ಬಾರಿ ಮನೆಮನೆಗೆ ಹೋಗಿ ಕರೆಯೋಣ. ‘ಬನ್ನಿ’ ಎಂದಷ್ಟೇ ಹೇಳದೆ, ಬಂದು ಮಾಡಬೇಕಾದದ್ದೇನೆಂದೂ ತಿಳಿಸೋಣ. ತನಗಾಗಿ ಒಂದು ಕೆಲಸ ಕಾದಿದೆಯೆಂದು ತಿಳಿದವರು ಬಾರದೆ ಇರುವುದು ಕಡಿಮೆ. ಭಾರ ಎತ್ತಲಾಗದ ಹಿರಿಯರು ಜಾಗ ತೋರಿಸಬೇಕು: ದಡ ಎತ್ತರವಿದ್ದು ಹಳ್ಳ ಕಿರಿದಾದ, ತಳ ಗಟ್ಟಿಯಾದ ತಾಣವನ್ನು ಬಲ್ಲವರು ಅವರೇ. ಶನಿವಾರ ಮಧ್ಯಾಹ್ನ ವಿದ್ಯಾರ್ಥಿಗಳು ಖಾಲಿ ಸಿಮೆಂಟ್ ಚೀಲಗಳಿಗೆ ಮರಳುಮಣ್ಣು ತುಂಬಲಿ. ಮುಕ್ಕಾಲು ಪಾಲು ಮಾತ್ರ ತುಂಬಿ. ಬಿಗಿಯಾಗಿ ತುಂಬಿದ ಚೀಲ ಒಂದಕ್ಕೊಂದು ಹೊಂದಿ ಕೂರುವುದಿಲ್ಲ. ಭಾನುವಾರ ಹಾಲು ಕರೆದು ಮುಗಿಸಿ ಎಂಟೂವರೆಗೆ ಸೇರೋಣ. ಇಟ್ಟಿಗೆ ಕಟ್ಟುವಂತೆ ಚೀಲಗಳನ್ನು ಎರಡು ಸಾಲಾಗಿ ಜೋಡಿಸಿ, ನಡುವೆ ಜೇಡಿಮಣ್ಣು ತುಳಿದು ತುಂಬೋಣ. ಎತ್ತರ ಸೊಂಟ ಮೀರುವುದು ಬೇಡ. ನಡುಭಾಗ ತುಸು ತಗ್ಗಾಗಿರಲಿ, ತುಂಬಿದ ನೀರು ಅಲ್ಲಿಂದ ಹೊರಳಿ ಕೆಳಗಿನವರಿಗೂ ಮೀನುಗಳಿಗೂ ದಕ್ಕಲಿ. ಊಟಕ್ಕೆ ಅನ್ನ, ತಂಬುಳಿ, ಉಪ್ಪಿನಕಾಯಿ. ಅಡುಗೆ ಹೆಂಗಸರದು, ಹಳ್ಳ ಗಂಡಸರದು ಎಂಬ ಭೇದ ಬೇಡ. ಬಾವಿ ಬತ್ತಿದ್ದು ಮೊದಲು ತಿಳಿಯುವುದು ನೀರು ಸೇದುವ ಕೈಗಳಿಗೆ. ಕಟ್ಟ ಎಲ್ಲಿ ಬೇಕೆಂದು ಹೇಳುವ ಹಕ್ಕೂ ಆ ಕೈಗಳಿಗಿದೆ.

ವಿದ್ಯಾರ್ಥಿಗಳಿಗೆ ಇನ್ನೊಂದು ಹೊಣೆ. ಪ್ರತಿ ಭಾನುವಾರ ಬೆಳಿಗ್ಗೆ, ಪಂಪು ಹಾಕುವ ಮೊದಲು, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಬಾವಿಕಟ್ಟೆಯಿಂದ ನೀರಿನವರೆಗಿನ ಆಳವನ್ನು ಅಳೆದು ದಿನಾಂಕದೊಡನೆ ಬರೆದಿಡಿ. ನನ್ನ ಮಾತು ನಿಜವೋ ಸುಳ್ಳೋ ಎಂಬುದನ್ನು ಆ ಪುಸ್ತಕವೇ ಹೇಳಲಿ.

ಈ ಕೆಲಸಕ್ಕೆ ಕಾಲ ಕಾಯುವುದಿಲ್ಲ. ಬೇಗ ಕಟ್ಟಿದರೆ ಅಕಾಲದ ಮಳೆ ಕೊಚ್ಚಿಕೊಂಡು ಹೋಗುತ್ತದೆ, ತಡಮಾಡಿದರೆ ತಡೆಯಲು ನೀರೇ ಇರುವುದಿಲ್ಲ. ಮೇ ಕೊನೆಯಲ್ಲಿ ಇನ್ನೊಂದು ಭಾನುವಾರವನ್ನೂ ಮೀಸಲಿಡಿ: ಮುಂಗಾರಿಗೆ ಮುನ್ನ ಚೀಲಗಳನ್ನು ಒಂದೂ ಬಿಡದೆ ತೆಗೆಯಬೇಕು. ನೀರುಳಿಸುವ ನೆಪದಲ್ಲಿ ಹಳ್ಳಕ್ಕೆ ಪ್ಲಾಸ್ಟಿಕ್ ಸುರಿದವರು ನಾವಾಗಬಾರದು.

ನಾಳೆಯಿಂದ ಸಂಜೆ ಹೊತ್ತು ನಾನು ನಿಮ್ಮ ಮನೆಗಳಿಗೆ ಬರುತ್ತೇನೆ. ಕವಳದ ತಟ್ಟೆ ಮುಂದಿಡಿ, ಬರುವೆನೆಂಬ ಮಾತನ್ನೂ ಕೊಡಿ. ನೀವೂ ನೆರೆಮನೆಯ ಒಬ್ಬರನ್ನಾದರೂ ಕರೆತನ್ನಿ. ನನ್ನ ಮೇಲೆ ಹಲವು ವರ್ಷಗಳ ಮುಯ್ಯಿ ಬಾಕಿಯಿದೆ. ಹಳ್ಳದಲ್ಲಿ ಮೊದಲ ಚೀಲ ಹೊರುವವನು ನಾನೇ.