ಉಚಿತವಾಗಿ ಸಿಗೋ ಹಾಡಿಗೆ 100 ಡಾಲರ್: ನಿಪ್ಸಿ ಹಸಲ್ ಕಥೆ

ಇವತ್ತು ಒಬ್ಬ ರ‍್ಯಾಪರ್ ಬಗ್ಗೆ ಮಾತಾಡೋಣ. ಆದ್ರೆ ಹಾಡಿಗಿಂತ ಮುಂಚೆ ಒಂದು ಲೆಕ್ಕದಿಂದ ಶುರು ಮಾಡ್ತೀನಿ.

2013ರ ಅಕ್ಟೋಬರ್. ಲಾಸ್ ಏಂಜಲೀಸ್‌ನ ಒಬ್ಬ ಹುಡುಗ 'ಕ್ರೆನ್ಶಾ' ಅನ್ನೋ ಮಿಕ್ಸ್‌ಟೇಪ್ ಬಿಡುಗಡೆ ಮಾಡ್ತಾನೆ. ಇಂಟರ್ನೆಟ್‌ನಲ್ಲಿ ಅದು ಪೂರ್ತಿ ಫ್ರೀ. ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೊಬಹುದು. ಅದೇ ಹೊತ್ತಿಗೆ ಅದರ 1000 ಸಿಡಿ ಮಾಡಿಸಿ, ಒಂದೊಂದಕ್ಕೆ 100 ಡಾಲರ್ ಬೆಲೆ ಇಡ್ತಾನೆ. ಅವತ್ತಿನ ಲೆಕ್ಕದಲ್ಲಿ ಸುಮಾರು ಆರು ಸಾವಿರ ರೂಪಾಯಿ. ಸಿಡಿ ಅನ್ನೋದೇ ಸಾಯ್ತಾ ಇದ್ದ ಕಾಲ ಅದು. ಫ್ರೀ ಆಗಿ ಸಿಗೋ ಹಾಡಿಗೆ ಯಾರಪ್ಪ ಆರು ಸಾವಿರ ಕೊಡ್ತಾರೆ ಅಂತ ಎಲ್ಲರೂ ನಕ್ಕರು. 1000 ಸಿಡಿನೂ ಖಾಲಿ ಆಯ್ತು. ಅದರಲ್ಲಿ 100 ಸಿಡಿ ಕೊಂಡವನು ಒಬ್ಬನೇ: ಜೇ-ಝೀ.

ಆ ಹುಡುಗನ ಹೆಸರು ನಿಪ್ಸಿ ಹಸಲ್. 2019ರ ಮಾರ್ಚ್ 31ರಂದು, 33ನೇ ವಯಸ್ಸಿನಲ್ಲಿ, ತನ್ನದೇ ಅಂಗಡಿ ಮುಂದೆ ಗುಂಡೇಟಿಗೆ ಸತ್ತ. ಗುಂಡೇಟಿಗೆ ಸತ್ತ ರ‍್ಯಾಪರ್‌ಗಳ ಪಟ್ಟಿ ಉದ್ದ ಇದೆ, ನಿಮಗೆ ಗೊತ್ತು. ಈ ಕಥೆಯಲ್ಲಿ ನನ್ನನ್ನ ಹಿಡಿದು ನಿಲ್ಲಿಸೋದು 'ತನ್ನದೇ ಅಂಗಡಿ' ಅನ್ನೋ ಆ ಎರಡು ಪದ.

ಅವನ ನಿಜವಾದ ಹೆಸರು ಎರ್ಮಿಯಾಸ್ ಜೋಸೆಫ್ ಅಸ್ಗೆಡಮ್. ಹುಟ್ಟಿದ್ದು 1985ರ ಆಗಸ್ಟ್ 15. ತಾಯಿ ಆಫ್ರಿಕನ್ ಅಮೆರಿಕನ್. ತಂದೆ ಆಫ್ರಿಕಾದ ಎರಿಟ್ರಿಯಾದಿಂದ ಬಂದವರು. 'ನಿಪ್ಸಿ ಹಸಲ್' ಅನ್ನೋದು ನಿಪ್ಸಿ ರಸೆಲ್ ಅನ್ನೋ ಹಳೇ ಹಾಸ್ಯನಟನ ಹೆಸರನ್ನ ತಿರುಚಿ ಮಾಡಿದ್ದು. ಹಸಲ್ ಅಂದ್ರೆ ಹೇಗೋ ಒದ್ದಾಡಿ ನಾಲ್ಕು ಕಾಸು ದುಡಿಯೋದು.

ಬೆಳೆದಿದ್ದು ಸೌತ್ ಲಾಸ್ ಏಂಜಲೀಸ್‌ನ ಕ್ರೆನ್ಶಾ ಭಾಗದಲ್ಲಿ. ಈ ಜಾಗದ ಹಿನ್ನೆಲೆ ಸ್ವಲ್ಪ ಹೇಳ್ಬೇಕು. ಸೌತ್ ಲಾಸ್ ಏಂಜಲೀಸ್ ಸುತ್ತಮುತ್ತ ಒಂದು ಕಾಲಕ್ಕೆ ದೊಡ್ಡ ದೊಡ್ಡ ಫ್ಯಾಕ್ಟರಿಗಳಿದ್ವು. ಗುಡ್‌ಇಯರ್, ಫೈರ್‌ಸ್ಟೋನ್ ಟೈರು, ಜನರಲ್ ಮೋಟಾರ್ಸ್ ಕಾರು. ಡಿಗ್ರಿ ಇಲ್ಲದವನಿಗೂ ಮನೆ ಕಟ್ಟೋ ಸಂಬಳ ಕೊಡ್ತಿದ್ದ ಕೆಲಸಗಳು. 1980ರ ಆಸುಪಾಸಿನಲ್ಲಿ ಇವೆಲ್ಲ ಒಂದಾದಮೇಲೊಂದು ಬಾಗಿಲು ಹಾಕಿದ್ವು. ಅದರ ಬೆನ್ನಿಗೇ ಕ್ರ್ಯಾಕ್ ಕೊಕೇನ್ ಬಂತು. ಕ್ರಿಪ್ಸ್ ಮತ್ತು ಬ್ಲಡ್ಸ್ ಅನ್ನೋ ಗ್ಯಾಂಗ್‌ಗಳು ಮೊದಲೇ ಇದ್ವು, ಈಗ ಕೈಗೆ ದುಡ್ಡೂ ಬಂತು, ಬಂದೂಕೂ ಬಂತು. 1992ರಲ್ಲಿ ಊರು ಹೊತ್ತಿ ಉರಿದಾಗ ನಿಪ್ಸಿಗೆ ಆರು ವರ್ಷ. ಹದಿಹರೆಯದಲ್ಲಿ ಸ್ಕೂಲು ಬಿಟ್ಟ, ರೋಲಿನ್ ಸಿಕ್ಸ್‌ಟೀಸ್ ಅನ್ನೋ ಕ್ರಿಪ್ಸ್ ಗ್ಯಾಂಗ್ ಸೇರಿದ. ಇದನ್ನ ಅವನು ಯಾವತ್ತೂ ಮುಚ್ಚಿಡಲಿಲ್ಲ.

ಜೊತೆಗೆ ಇನ್ನೊಂದು ಕೆಲಸನೂ ನಡೀತಿತ್ತು. ಕ್ರೆನ್ಶಾ ಮತ್ತು ಸ್ಲಾಸನ್ ರಸ್ತೆ ಸೇರೋ ಕಡೆ ಸಾಲು ಅಂಗಡಿಗಳಿರೋ ಒಂದು ಸಣ್ಣ ಪ್ಲಾಜಾ ಇದೆ. ಅದರ ಪಾರ್ಕಿಂಗ್ ಜಾಗದಲ್ಲಿ ಅಣ್ಣ ಸ್ಯಾಮಿಯೆಲ್ ಟೀ ಶರ್ಟು, ಕಾಲುಚೀಲ ಮಾರ್ತಿದ್ದ. ನಿಪ್ಸಿ ಕಾರಿನ ಡಿಕ್ಕಿ ತೆಗೆದು ತಾನೇ ಮಾಡಿದ ಸಿಡಿ ಮಾರ್ತಿದ್ದ. ಈ ಪ್ಲಾಜಾನ ನೆನಪಲ್ಲಿ ಇಟ್ಕೊಳ್ಳಿ.

2004ರಲ್ಲಿ ತಂದೆ ಇಬ್ಬರು ಮಕ್ಕಳನ್ನೂ ಎರಿಟ್ರಿಯಾಗೆ ಕರ್ಕೊಂಡು ಹೋದ್ರು. ಮೂರು ತಿಂಗಳು ಅಲ್ಲೇ ಇದ್ರು. ನಿಪ್ಸಿಗೆ ಆಗ 18. ಆ ಪ್ರವಾಸ ತನ್ನನ್ನ ಬದಲಾಯಿಸ್ತು ಅಂತ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾನೆ. ಕಾರಣ ತುಂಬಾ ಸರಳ. ಅಲ್ಲಿ ಪೊಲೀಸು, ಅಂಗಡಿಯವನು, ಸರ್ಕಾರ ನಡೆಸೋರು ಎಲ್ಲರೂ ತನ್ನದೇ ಬಣ್ಣದವರು. ತನ್ನ ಏರಿಯಾದಲ್ಲಿ ಕೊಳ್ಳೋರು ಕರಿಯರು, ಕಟ್ಟಡದ ಯಜಮಾನ ಬೇರೆ ಯಾರೋ. ಎರಿಟ್ರಿಯಾದಲ್ಲಿ ಆಳೋರ ಕೈಕೆಳಗೆ ಜನ ಪಡೋ ಪಾಡು ಬೇರೆ ಕಥೆ. ಕಡ್ಡಾಯ ಸೇವೆಗೆ ಹೆದರಿ ಯುವಕರು ದೇಶ ಬಿಟ್ಟು ಓಡಿಹೋಗ್ತಾರೆ, ಅದನ್ನ ಮರೀಬಾರದು. ಆದ್ರೆ 18ರ ಹುಡುಗನಿಗೆ ಕಂಡಿದ್ದು ಒಂದೇ ವಿಷಯ: ಯಜಮಾನಿಕೆ ಅನ್ನೋದು ನಮ್ಮಂಥವರಿಗೂ ಆಗುತ್ತೆ.

ವಾಪಸ್ ಬಂದು 2005ರಲ್ಲಿ ಮೊದಲ ಮಿಕ್ಸ್‌ಟೇಪ್ ಬಿಟ್ಟ. ಹೆಸರು ಬೆಳೀತು. ಎಪಿಕ್ ರೆಕಾರ್ಡ್ಸ್ ಅನ್ನೋ ದೊಡ್ಡ ಕಂಪನಿ ಕಾಂಟ್ರಾಕ್ಟ್ ಕೊಡ್ತು. ವರ್ಷಗಳು ಕಳೆದ್ವು, ಆಲ್ಬಂ ಮಾತ್ರ ಹೊರಗೆ ಬರಲಿಲ್ಲ. 2010ರ ಹೊತ್ತಿಗೆ ಅಲ್ಲಿಂದ ಹೊರಬಂದು 'ಆಲ್ ಮನಿ ಇನ್' ಅಂತ ತನ್ನದೇ ಲೇಬಲ್ ಮಾಡ್ಕೊಂಡ. ಆಮೇಲೆ ಬೇರೆ ಕಂಪನಿಗಳು ಕರೆದಾಗಲೂ ಬೇಡ ಅಂದ.

ಇಲ್ಲಿ ಸ್ವಲ್ಪ ನಿಲ್ಲೋಣ. ನಾನು ಬಿ.ಕಾಂ ಓದಿದವನು, ಈ ಭಾಗ ಬಿಟ್ಟು ಮುಂದೆ ಹೋಗೋಕೆ ಮನಸ್ಸು ಬರಲ್ಲ. ರೆಕಾರ್ಡ್ ಕಂಪನಿ ಕೊಡೋ 'ಅಡ್ವಾನ್ಸ್' ಇದೆಯಲ್ಲ, ಸುದ್ದಿಯಲ್ಲಿ ಇಷ್ಟು ಮಿಲಿಯನ್ ಡಾಲರ್ ಡೀಲ್ ಅಂತ ಬರುತ್ತಲ್ಲ, ಅದು ಬಹುಮಾನ ಅಲ್ಲ. ಹೆಚ್ಚುಕಡಿಮೆ ಸಾಲ. ಕಲಾವಿದನ ಪಾಲಿಗೆ ಬರೋ ರಾಯಲ್ಟಿಯಿಂದ ಮೊದಲು ಆ ಅಡ್ವಾನ್ಸ್ ತೀರಬೇಕು. ಸ್ಟುಡಿಯೋ ಬಾಡಿಗೆ, ವಿಡಿಯೋ ಖರ್ಚಿನ ಒಂದು ಭಾಗ, ಎಲ್ಲಾ ಅವನ ಲೆಕ್ಕಕ್ಕೇ ಬೀಳುತ್ತೆ. ಮನೆ ಸಾಲ ತೀರಿಸಿದ್ರೆ ಮನೆ ನಿಮ್ಮದಾಗುತ್ತೆ. ಇಲ್ಲಿ ಸಾಲ ತೀರಿದಮೇಲೂ ಮನೆ ಬ್ಯಾಂಕಿಂದೇ. ಯಾಕಂದ್ರೆ 'ಮಾಸ್ಟರ್' ಅಂತಾರಲ್ಲ, ಆ ಮೂಲ ಧ್ವನಿಮುದ್ರಣ, ಅದರ ಹಕ್ಕು ಮಾಮೂಲಿ ಕಾಂಟ್ರಾಕ್ಟ್‌ಗಳಲ್ಲಿ ಕಂಪನಿ ಹತ್ರಾನೇ ಉಳಿಯುತ್ತೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 10 ಡಾಲರ್ ಆಲ್ಬಂ, ಅದರಲ್ಲಿ ಕಲಾವಿದನಿಗೆ ಶೇ 15 ಅಂದುಕೊಳ್ಳಿ. ಅಂದ್ರೆ ಒಂದಕ್ಕೆ ಒಂದೂವರೆ ಡಾಲರ್. ಒಂದು ಲಕ್ಷ ಡಾಲರ್ ಅವನ ಖಾತೆಗೆ ಜಮೆ ಆಗೋಕೆ 66 ಸಾವಿರಕ್ಕೂ ಹೆಚ್ಚು ಆಲ್ಬಂ ಮಾರಬೇಕು, ಅದೂ ಮೊದಲು ಅಡ್ವಾನ್ಸ್‌ಗೆ ವಜಾ. ಈಗ 'ಕ್ರೆನ್ಶಾ' ನೋಡಿ. 1000 ಜನ, ತಲೆಗೆ 100 ಡಾಲರ್, ಒಂದು ಲಕ್ಷ ಡಾಲರ್. ಸಿಡಿ ಮಾಡಿಸಿದ ಖರ್ಚು ಕಳೆದು ಮಿಕ್ಕಿದ್ದು ಅವನದು. ಹಕ್ಕೂ ಅವನದೇ.

ಈ ಐಡಿಯಾ ಎಲ್ಲಿಂದ ಬಂತು ಗೊತ್ತಾ? ಒಂದು ಮಾರ್ಕೆಟಿಂಗ್ ಪುಸ್ತಕದಿಂದ. ಜೋನಾ ಬರ್ಗರ್ ಅನ್ನೋ ಪ್ರೊಫೆಸರ್ ಬರೆದ 'ಕಂಟೇಜಿಯಸ್'. ಫಿಲಡೆಲ್ಫಿಯಾದ ಒಂದು ರೆಸ್ಟೋರೆಂಟ್ 100 ಡಾಲರ್‌ಗೆ ಚೀಸ್‌ಸ್ಟೇಕ್ ಮಾರೋ ಪ್ರಸಂಗ ಅದರಲ್ಲಿದೆ. ಚೀಸ್‌ಸ್ಟೇಕ್ ಅಂದ್ರೆ ಆ ಊರಿನ ರಸ್ತೆಬದಿ ತಿಂಡಿ, ಆಗ ನಾಲ್ಕೈದು ಡಾಲರ್‌ಗೆ ಸಿಗ್ತಿತ್ತು. ಅದಕ್ಕೆ 100 ಡಾಲರ್ ಇಟ್ಟಿದ್ದೇ ತಡ, ಊರೆಲ್ಲ ಅದರದ್ದೇ ಮಾತು. ನಿಪ್ಸಿ ಇದನ್ನ ಓದಿ, 'ಪ್ರೌಡ್ ಟು ಪೇ' ಅಂತ ಹೆಸರಿಟ್ಟ. ಹೆಮ್ಮೆಯಿಂದ ದುಡ್ಡು ಕೊಡೋದು. ಸಿಡಿ ಕೊಂಡವರಿಗೆ ವಿಶೇಷ ಕಾರ್ಯಕ್ರಮಕ್ಕೆ ಪ್ರವೇಶನೂ ಇತ್ತು. ಮುಂದಿನ ವರ್ಷ 'ಮೇಲ್‌ಬಾಕ್ಸ್ ಮನಿ' ಬಂದಾಗ 100 ಪ್ರತಿ ಮಾಡಿಸಿ ಒಂದೊಂದಕ್ಕೆ 1000 ಡಾಲರ್ ಇಟ್ಟ. ಮೇಲ್‌ಬಾಕ್ಸ್ ಮನಿ ಅಂದ್ರೆ ನೀವು ಮಲಗಿದ್ರೂ ಅಂಚೆಯಲ್ಲಿ ಬರೋ ರಾಯಲ್ಟಿ ಚೆಕ್ಕು. ಹಕ್ಕು ಇಟ್ಕೊಂಡವನಿಗೆ ಮಾತ್ರ ಬರೋ ದುಡ್ಡು.

ಇದು ಎಲ್ಲರಿಗೂ ಆಗೋ ಸೂತ್ರ ಅಂತ ನಾನು ಹೇಳ್ತಿಲ್ಲ. 1000 ಜನ ದುಡ್ಡು ಕೊಟ್ಟಿದ್ದರ ಹಿಂದೆ ಏಳೆಂಟು ವರ್ಷ ಫ್ರೀ ಆಗಿ ಕೊಟ್ಟ ಹಾಡುಗಳಿವೆ. ಮೊದಲು ನಂಬಿಕೆ ಸಂಪಾದಿಸಿದ, ಆಮೇಲೆ ಬೆಲೆ ಕೇಳಿದ. ನಮ್ಮಂಥ ಸ್ವತಂತ್ರವಾಗಿ ಪಾಡ್‌ಕಾಸ್ಟ್ ಮಾಡೋರು ಇದರಲ್ಲಿ ಎರಡನೇ ಭಾಗ ಮಾತ್ರ ಕೇಳಿಸ್ಕೊಳ್ತೀವಿ.

ಈಗ ಆ ಪ್ಲಾಜಾಗೆ ವಾಪಸ್ ಬರೋಣ. ಪಾರ್ಕಿಂಗ್‌ನಲ್ಲಿ ಮಾರ್ತಿದ್ದ ಅಣ್ಣತಮ್ಮ ಅದೇ ಪ್ಲಾಜಾದಲ್ಲಿ ಅಂಗಡಿ ಬಾಡಿಗೆಗೆ ತಗೊಂಡ್ರು. 2017ರ ಜೂನ್‌ನಲ್ಲಿ 'ಮ್ಯಾರಥಾನ್ ಕ್ಲೋತಿಂಗ್' ಹೊಸ ರೂಪದಲ್ಲಿ ತೆರೀತು. ಬಟ್ಟೆ ಮೇಲೆ ಫೋನ್ ಹಿಡಿದ್ರೆ ಆ್ಯಪ್‌ನಲ್ಲಿ ಬೇರೆಲ್ಲೂ ಸಿಗದ ಹಾಡು, ವಿಡಿಯೋ ತೆರೆಯೋ ಥರದ ಅಂಗಡಿ. 2018ರ ಫೆಬ್ರವರಿಯಲ್ಲಿ ಡೇವಿಡ್ ಗ್ರಾಸ್ ಅನ್ನೋ ಹೂಡಿಕೆದಾರನ ಜೊತೆ ಸೇರಿ 'ವೆಕ್ಟರ್ 90' ಶುರು ಮಾಡಿದ. ಮೇಲೆ ಸಣ್ಣ ಉದ್ಯಮಿಗಳಿಗೆ ಕೂತು ಕೆಲಸ ಮಾಡೋ ಜಾಗ, ಅದೇ ಸೂರಿನಡಿ ಏರಿಯಾ ಮಕ್ಕಳಿಗೆ ವಿಜ್ಞಾನ, ತಂತ್ರಜ್ಞಾನ ಕಲಿಸೋ ಯೋಜನೆ. ಸಿಲಿಕಾನ್ ವ್ಯಾಲಿಗೂ ತನ್ನ ಗಲ್ಲಿಗೂ ಒಂದು ದಾರಿ ಮಾಡೋಣ ಅಂತ. ಕೊನೆಗೆ ಪಾಲುದಾರರ ಜೊತೆ ಸೇರಿ ಆ ಪ್ಲಾಜಾನೇ ಖರೀದಿ ಮಾಡಿದ. ಡಿಕ್ಕಿ ತೆಗೆದು ಸಿಡಿ ಮಾರ್ತಿದ್ದ ಜಾಗದ ಕ್ರಯಪತ್ರ ಅವನ ಕೈಗೆ ಬಂತು.

ಸಂಗೀತನೂ ಅದೇ ಹೊತ್ತಿಗೆ ಫಲ ಕೊಡ್ತು. ಮಿಕ್ಸ್‌ಟೇಪ್ ಮೇಲೆ ಮಿಕ್ಸ್‌ಟೇಪ್ ಬಿಟ್ಟವನ ಮೊದಲ ಸ್ಟುಡಿಯೋ ಆಲ್ಬಂ 'ವಿಕ್ಟರಿ ಲ್ಯಾಪ್' ಬಂದಿದ್ದು 2018ರ ಫೆಬ್ರವರಿ 16ಕ್ಕೆ. ಅಟ್ಲಾಂಟಿಕ್ ರೆಕಾರ್ಡ್ಸ್ ಜೊತೆ ಪಾಲುದಾರಿಕೆ, ಆಳಾಗಿ ಅಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನ, ಗ್ರ್ಯಾಮಿ ನಾಮನಿರ್ದೇಶನ. ಕೇಳಿಲ್ಲ ಅಂದ್ರೆ ಒಮ್ಮೆ ಕೇಳಿ. ಅವನ ರ‍್ಯಾಪ್‌ನಲ್ಲಿ ಶಬ್ದದ ಸರ್ಕಸ್ ಕಡಿಮೆ. ಪಕ್ಕದಲ್ಲಿ ಕೂತು ಅಣ್ಣ ಬುದ್ಧಿ ಹೇಳೋ ಥರ ಇರುತ್ತೆ, ನಿಧಾನ, ಗಟ್ಟಿ.

ಅವನನ್ನ ಸಂತ ಮಾಡೋದೂ ಬೇಡ. 2018ರಲ್ಲಿ ಸಲಿಂಗಿಗಳ ಬಗ್ಗೆ ಹಗುರವಾಗಿ ಬರೆದ ಪೋಸ್ಟ್‌ಗೆ ಬೈಸಿಕೊಂಡ, ಬೈದವರು ತಪ್ಪೇನೂ ಮಾಡಲಿಲ್ಲ. ಗ್ಯಾಂಗ್‌ನ ನಂಟನ್ನೂ ಪೂರ್ತಿ ಕಡ್ಕೊಳ್ಳಲಿಲ್ಲ. ಅದು ಅವನು ಬೆಳೆದ ಬೀದಿ, ಅಲ್ಲಿನವರೇ ಸ್ನೇಹಿತರು. ದುಡ್ಡು ಬಂದಮೇಲೆ ಊರಾಚೆ ಬಂಗಲೆಗೆ ಸೇರ್ಕೊಂಡು ಈ ಕಡೆ ತಲೆ ಹಾಕದೆ ಇರಬಹುದಿತ್ತು. ಕಾವಲುಗಾರರಿಲ್ಲದೆ ಅದೇ ಪಾರ್ಕಿಂಗ್‌ನಲ್ಲಿ ನಿಂತು ಬಂದವರ ಜೊತೆ ಮಾತಾಡ್ತಿದ್ದ.

ಮಾರ್ಚ್ 31, ಭಾನುವಾರ ಮಧ್ಯಾಹ್ನನೂ ಹಾಗೇ ನಿಂತಿದ್ದ. ಪರಿಚಯದವನೊಬ್ಬ ಬಂದ, ಅದೇ ಬೀದಿಯವನು. ನಾಲ್ಕು ನಿಮಿಷದ ಮಾತು. ನೀನು ಪೊಲೀಸರಿಗೆ ಸುದ್ದಿ ಕೊಡ್ತೀಯ ಅಂತ ಜನ ಆಡ್ಕೊಳ್ತಿದ್ದಾರೆ, ಸರಿ ಮಾಡ್ಕೋ ಅನ್ನೋ ಅರ್ಥದ ಮಾತು ನಿಪ್ಸಿಯಿಂದ ಬಂತು ಅಂತ ಆಮೇಲೆ ಕೋರ್ಟ್‌ನಲ್ಲಿ ಹೊರಬಂತು. ಅವನು ಹೋದ, ಸ್ವಲ್ಪ ಹೊತ್ತಿಗೆ ಬಂದೂಕು ಹಿಡಿದು ವಾಪಸ್ ಬಂದ. ಮರುದಿನ, ಏಪ್ರಿಲ್ 1ಕ್ಕೆ, ಗ್ಯಾಂಗ್ ಹಿಂಸೆ ತಡೆಯೋದು ಹೇಗೆ ಅಂತ ಲಾಸ್ ಏಂಜಲೀಸ್ ಪೊಲೀಸ್ ಅಧಿಕಾರಿಗಳ ಜೊತೆ ಒಂದು ಸಭೆ ಗೊತ್ತಾಗಿತ್ತು. ಅದು ನಿಪ್ಸಿ ಕಡೆಯಿಂದಾನೇ ಕೇಳಿದ್ದ ಸಭೆ.

ಆಮೇಲೆ ನಡೆದದ್ದರಲ್ಲಿ ಎರಡು ಮುಖ ಇದೆ. ಒಂದು ಕಡೆ ಏಪ್ರಿಲ್ 11ರಂದು ಸ್ಟೇಪಲ್ಸ್ ಸೆಂಟರ್ ತುಂಬಾ ಜನ, ಬರಾಕ್ ಒಬಾಮ ಕಳಿಸಿದ ಪತ್ರ, 41 ಕಿಲೋಮೀಟರ್ ಮೆರವಣಿಗೆ. ಒಬ್ಬರ ಮುಖ ಒಬ್ಬರು ನೋಡದ ಗ್ಯಾಂಗ್‌ಗಳವರು ಒಟ್ಟಿಗೆ ನಡೆದ್ರು. ಇನ್ನೊಂದು ಕಡೆ ಇದನ್ನ ಕೇಳಿ. ಗುಂಡೇಟಿನಲ್ಲಿ ಗಾಯಗೊಂಡವರಲ್ಲಿ ಒಬ್ಬ 20ಕ್ಕೂ ಹೆಚ್ಚು ವರ್ಷ ಜೈಲಿನಲ್ಲಿದ್ದು ಕೆಲ ತಿಂಗಳ ಹಿಂದಷ್ಟೇ ಪರೋಲ್ ಮೇಲೆ ಹೊರಬಂದಿದ್ದ ವಯಸ್ಸಾದ ಮನುಷ್ಯ. ಅಂಗಡಿಗೆ ಬಟ್ಟೆ ತಗೊಳ್ಳೋಕೆ ಬಂದಿದ್ದ. ಗ್ಯಾಂಗ್ ಸದಸ್ಯನ ಸಹವಾಸ ಮಾಡಿದ್ದಾನೆ, ಪರೋಲ್ ನಿಯಮ ಮುರಿದ ಅಂತ ಅವನನ್ನ ಹಿಡಿದು ಒಳಗೆ ಹಾಕಿದ್ರು. ಆ 'ಗ್ಯಾಂಗ್ ಸದಸ್ಯ' ನಿಪ್ಸಿನೇ. ಊರಿಗೆ ಊರೇ ಅವನನ್ನ ಹೊಗಳ್ತಿದ್ದ ದಿನಗಳವು. ಸುದ್ದಿಯಾದಮೇಲೆ ಬಿಟ್ಟರು. ನೀವು ಕಟ್ಟಡ ಕೊಂಡ್ಕೊಬಹುದು, ಕಡತದಲ್ಲಿರೋ ನಿಮ್ಮ ಹೆಸರು ಅಳಿಸೋದು ಅಷ್ಟು ಸುಲಭ ಅಲ್ಲ.

2020ರಲ್ಲಿ ಅವನಿಗೆ ಎರಡು ಗ್ರ್ಯಾಮಿ ಬಂದ್ವು, ತಗೊಳ್ಳೋಕೆ ಮನೆಯವರು ವೇದಿಕೆ ಹತ್ತಿದ್ರು. 2022ರ ಜುಲೈನಲ್ಲಿ ಕೊಲೆಗಾರ ತಪ್ಪಿತಸ್ಥ ಅಂತ ತೀರ್ಮಾನ ಆಯ್ತು, 2023ರ ಫೆಬ್ರವರಿಯಲ್ಲಿ ಕನಿಷ್ಠ 60 ವರ್ಷದ ಶಿಕ್ಷೆ. 2022ರ ಆಗಸ್ಟ್ 15, ಬದುಕಿದ್ರೆ ಅವನಿಗೆ 37 ತುಂಬುತ್ತಿದ್ದ ದಿನ, ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವನ ಹೆಸರಿನ ನಕ್ಷತ್ರ ಬಂತು.

ಕೆಲವರು ಕೇಳ್ತಾರೆ, ಅಲ್ಲೇ ಉಳಿದಿದ್ದು ತಪ್ಪಲ್ವಾ ಅಂತ. ಊರು ಬಿಟ್ಟಿದ್ರೆ ಬದುಕಿರ್ತಿದ್ದ ಅಂತ. ಇರಬಹುದು. ಆದ್ರೆ ದುಡ್ಡು ಮಾಡಿದವರೆಲ್ಲ ಬಿಟ್ಟು ಹೋದಮೇಲೇ ಆ ಬೀದಿ ಹಾಗಾಗಿದ್ದು. ಮೊದಲು ಫ್ಯಾಕ್ಟರಿ ಹೋಯ್ತು, ಆಮೇಲೆ ಅನುಕೂಲ ಇದ್ದವರು ಹೋದ್ರು. ಒಬ್ಬ ಹೋಗಲ್ಲ ಅಂದ. ಒಬ್ಬನೇ ಮನುಷ್ಯನ ಮೇಲೆ ಅಷ್ಟು ಭಾರ ಬೀಳಬಾರದಿತ್ತು ಅನ್ನೋದು ನಿಜ. ಹಾಗಂತ ಅವನ ಲೆಕ್ಕ ತಪ್ಪು ಅಂತ ನನಗೆ ಅನ್ನಿಸಲ್ಲ. ಅವನು ಇಟ್ಕೊಂಡ ಮಾಸ್ಟರ್‌ಗಳು ಇವತ್ತೂ ದುಡೀತಿವೆ. ಅವನು ಸತ್ತಮೇಲೆ ಅಣ್ಣ ಸ್ಯಾಮಿಯೆಲ್ ಅದನ್ನ ನೋಡ್ಕೊಂಡ, ಅದು ನಿಪ್ಸಿಯ ಇಬ್ಬರು ಮಕ್ಕಳ ಪಾಲು. ಅವನು ಬಯಸಿದ ಮೇಲ್‌ಬಾಕ್ಸ್ ಮನಿ ಇದೇ. ಚೆಕ್ಕು ಬರ್ತಿದೆ, ತೆಗೆದು ನೋಡೋಕೆ ಅವನಿಲ್ಲ.

ಇವತ್ತಿಗೆ ಇಷ್ಟು. 'ವಿಕ್ಟರಿ ಲ್ಯಾಪ್' ಕೇಳಿ, ನಿಮಗೇನನ್ನಿಸ್ತು ಅಂತ ಬರೀರಿ.