ಊರ ನಾಟಕದಲ್ಲಿ ಯಾರ ಮಾತು?

ನಾಟಕವನ್ನು ಐದನೆಯ ವೇದವೆಂದು ಕರೆಯುವ ವಾಡಿಕೆ ನಮ್ಮಲ್ಲಿ ಹಳೆಯದು. ಆದರೆ ಅದು ಏಕೆ ಹುಟ್ಟಿತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ವೇದಗಳನ್ನು ಕೇಳುವ ಅಧಿಕಾರ ಶೂದ್ರರಿಗೆ ಇಲ್ಲವಾದ ಕಾರಣ, ಎಲ್ಲ ವರ್ಣದವರಿಗೂ ಸಲ್ಲುವಂಥ ಬೇರೊಂದು ವೇದವನ್ನು ಸೃಷ್ಟಿಸಬೇಕೆಂದು ದೇವತೆಗಳು ಬ್ರಹ್ಮನನ್ನು ಬೇಡಿದರೆಂದು ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವೇ ಹೇಳುತ್ತದೆ. ಹೊರಗೆ ನಿಂತವರನ್ನು ಒಳಕ್ಕೆ ಕರೆಯುವುದು, ಹಾಗಾದರೆ, ನಾಟಕದ ಹುಟ್ಟುಗುಣ.

ಕರೆದದ್ದೇನೋ ನಿಜ, ಕೂರಿಸಿದ್ದೆಲ್ಲಿ? ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ಒಬ್ಬ ಬೆಸ್ತನು ಬರುತ್ತಾನೆ. ಮೀನಿನ ಹೊಟ್ಟೆಯಲ್ಲಿ ದೊರೆತ ಉಂಗುರಕ್ಕಾಗಿ ಕಳ್ಳನೆನಿಸಿಕೊಂಡು ಪೆಟ್ಟು ತಿನ್ನುತ್ತಾನೆ. ಕಾವಲಿನವರು ಅವನ ಕಸುಬನ್ನು ಹಳಿದರೆ, ಹುಟ್ಟಿನಿಂದ ಬಂದ ಕಸುಬನ್ನು ಬಿಡಲಾಗದೆಂದು ಎದುರುತ್ತರ ಕೊಡುತ್ತಾನೆ. ಅವನಿಲ್ಲದೆ ರಾಜನಿಗೆ ನೆನಪೇ ಮರಳದು. ಆದರೂ ಅವನಾಡುವುದು ಸಂಸ್ಕೃತವಲ್ಲ, ಪ್ರಾಕೃತ. ಆ ಮಾತನ್ನು ಬರೆದವನೂ ಬೆಸ್ತನಲ್ಲ.

ಮಹನೀಯರೆ, ಈ ಭೇದ ಇಂದು ಅಳಿದಿದೆಯೆ? ನಿಮ್ಮ ಊರಿನ ಶಾಲಾ ವಾರ್ಷಿಕೋತ್ಸವದ ನಾಟಕವನ್ನೇ ನೆನೆಯಿರಿ. ರಾಜನಿಗೆ ಗ್ರಂಥದ ಕನ್ನಡ. ಆಳಿಗೆ ಹಳ್ಳಿಯ ಕನ್ನಡ, ಅದೂ ನಗೆಗಾಗಿ. ಬಹುಕಾಲ ವ್ಯಾಕರಣಪಾಠ ಹೇಳಿದ ನನಗೆ ಶುದ್ಧಭಾಷೆಯಲ್ಲಿ ಆದರವಿಲ್ಲದಿಲ್ಲ. ಆದರೆ ಮನೆಯಲ್ಲಿ ತನ್ನ ತಾಯಿ ಆಡುವ ಮಾತು ವೇದಿಕೆಯ ಮೇಲೆ ನಗೆಪಾಟಲಾಗುವುದನ್ನು ಕಂಡ ಹುಡುಗ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಾನು. ಇದು ವ್ಯಾಕರಣದೋಷಕ್ಕಿಂತ ದೊಡ್ಡ ನಷ್ಟ.

ಬೇರೆ ದಾರಿಯುಂಟೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಂ, ಕೆ. ವಿ. ಸುಬ್ಬಣ್ಣನವರ ಆಶ್ರಯದಲ್ಲಿ ಬೆಳೆದ ಹಳ್ಳಿಯ ನಾಟಕಸಂಘ. ೧೯೮೦ರ ದಶಕದಲ್ಲಿ ಆ ಬಳಗವು ಯಲ್ಲಾಪುರದ ಕಡೆಯ ಮಂಚಿಕೇರಿಯಲ್ಲಿ ಸಿದ್ದಿ ಜನರೊಡನೆ ಕೂಡಿ ನಾಟಕ ಕಟ್ಟಿತು. ಸಿದ್ದಿಗಳ ಪೂರ್ವಿಕರು ಆಫ್ರಿಕದವರು; ಹಲವರು ಗುಲಾಮರಾಗಿ ಬಂದವರು. ಉತ್ತರ ಕನ್ನಡದ ಕಾಡಂಚಿನಲ್ಲಿ ಹಿಂದೂ, ಕ್ರೈಸ್ತ, ಮುಸಲ್ಮಾನರಾಗಿ ಬಾಳುತ್ತಿದ್ದ ಇವರನ್ನು ಜನ ದಿಟ್ಟಿಸಿ ನೋಡಿದ್ದೇ ಹೆಚ್ಚು, ಮಾತನಾಡಿಸಿದ್ದು ಕಡಿಮೆ. ನೈಜೀರಿಯದ ಚಿನುವ ಅಚಿಬೆಯವರ ೧೯೫೮ರ ಕಾದಂಬರಿಯನ್ನು ಆಧರಿಸಿದ ನಾಟಕವೊಂದನ್ನು ಚಿದಂಬರರಾವ್ ಜಂಬೆಯವರು ಅವರಿಂದ ಆಡಿಸಿದರು. ಹೊರಗಿನವರ ಆಳ್ವಿಕೆಯಲ್ಲಿ ಒಂದು ಊರಿನ ಬಾಳು ಒಡೆದುಹೋಗುವ ಕಥೆಯದು. ಬರಿದೆ ನೋಡಿಸಿಕೊಳ್ಳುತ್ತಿದ್ದವರು ಅಂದು ಆಡುವವರಾದರು. ನೋಡುತ್ತಿದ್ದವರು ಸುಮ್ಮನೆ ಕುಳಿತು ಕೇಳಬೇಕಾಯಿತು.

೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ೨೦೨೦ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಇವು ನಾಟಕದ ಫಲವೆಂದರೆ ಅತಿಶಯೋಕ್ತಿಯಾದೀತು. ನಾಟಕ ಭೂಮಿಯ ಪಟ್ಟಾ ಕೊಡದು, ಕೂಲಿ ಹೆಚ್ಚಿಸದು. ಆದರೆ ಸಭೆಯೆದುರು ನಿಂತು ಮಾತನಾಡುವ ಧೈರ್ಯವನ್ನೂ, ಕುಳಿತವರಿಗೆ ಕೇಳುವ ಶಿಕ್ಷಣವನ್ನೂ ಅದು ಕೊಡಬಲ್ಲದು. ಎರಡನೆಯದರ ಅಗತ್ಯ ನಮಗೇ ಹೆಚ್ಚು.

ನಿಮ್ಮ ಬಡಾವಣೆಯಲ್ಲಿ ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ನಾಟಕವಾಡುವುದುಂಟಷ್ಟೆ? ಬೀದಿ ಗುಡಿಸುವವರ ಕಥೆಯನ್ನು ಆಡುವುದಾದರೆ ಅವರನ್ನು ಪ್ರದರ್ಶನದ ದಿನ ಕರೆದರೆ ಸಾಲದು, ತಾಲೀಮಿಗೇ ಕರೆಯಿರಿ. ಬರೆದ ಮಾತನ್ನು ಓದಿ ಕೇಳಿಸಿರಿ. ‘ನಾವು ಹೀಗೆ ಆಡೋದಿಲ್ಲ’ ಎಂದು ಅವರೆಂದರೆ, ತಿದ್ದಬೇಕಾದುದು ಬರಹವನ್ನು, ಅವರ ನಾಲಗೆಯನ್ನಲ್ಲ. ತಾಲೀಮಿನ ಹೊತ್ತು ಅವರ ಕೆಲಸ ಮುಗಿದ ಮೇಲಿರಲಿ. ಯಾರ ಕೂಲಿಯೂ ತಪ್ಪದಿರಲಿ. ರಾಜನ ಪಾತ್ರವೂ ಅವರಿಗೆ ಸಲ್ಲಲಿ. ಆಳಿನ ವೇಷಕ್ಕೆ ಜನ ಸಾಲದೆ ಬಂದರೆ, ನಮ್ಮಲ್ಲೇ ಯಾರಾದರೂ ಅದನ್ನು ತೊಡಬಹುದು.