ಹೈಪೋನಾ, ಹೈಪರ್ರಾ? ಡಾಕ್ಟರ್ ಬರೆದ ಉದ್ದದ ಪದ ಬಿಡಿಸೋದು ಹೀಗೆ

ಮನೇಲಿ ಅಪ್ಪಂದೋ ಅಜ್ಜೀದೋ ಡಿಸ್ಚಾರ್ಜ್ ಸಮರಿ ಬಂದ ತಕ್ಷಣ ಅದು ಯಾರ ಕೈಗೆ ಬರುತ್ತೆ ಹೇಳಿ? ನಿಮ್ಮ ಕೈಗೇ. ‘ಏನು ಬರ್ದಿದಾರೆ ಸ್ವಲ್ಪ ನೋಡು’ ಅಂತಾರೆ. ನೋಡಿದ್ರೆ ಅಲ್ಲಿ ‘ಕೋಲಿಸಿಸ್ಟೆಕ್ಟಮಿ’ ಅಂತಿದೆ! ಓದೋಕೇ ನಾಲಿಗೆ ಹೊರಳಲ್ಲ.

ಹೆದರಬೇಡಿ. ಶಾಲೇಲಿ ‘ದೇವಾಲಯ’ವನ್ನು ದೇವ, ಆಲಯ ಅಂತ ಬಿಡಿಸ್ತಿದ್ವಲ್ಲ, ಇದೂ ಹಾಗೇ. ಇಂಥ ಪದಗಳಲ್ಲಿ ಹೆಚ್ಚಿನವು ಗ್ರೀಕ್ ತುಂಡುಗಳನ್ನು ಜೋಡಿಸಿ ಮಾಡಿದವು. ಬಾಲದಿಂದ ಶುರು ಮಾಡಿ. ‘ಎಕ್ಟಮಿ’ ಅಂದ್ರೆ ಕತ್ತರಿಸಿ ತೆಗೆಯೋದು. ‘ಸಿಸ್ಟ್’ ಅಂದ್ರೆ ಚೀಲ. ‘ಕೋಲಿ’ ಅಂದ್ರೆ ಪಿತ್ತ. ಈಗ ನಿಧಾನವಾಗಿ ಹೇಳಿ: ಕೋಲಿ, ಸಿಸ್ಟ್, ಎಕ್ಟಮಿ. ಪಿತ್ತಕೋಶವನ್ನು ತೆಗೆಯೋ ಆಪರೇಷನ್, ಅಷ್ಟೇ.

ಬಾಲ ಬದಲಾದ್ರೆ ಕಥೆಯೇ ಬದಲು. ‘ಐಟಿಸ್’ ಅಂದ್ರೆ ಉರಿಯೂತ. ಹಾಗಾಗಿ ಕೋಲಿಸಿಸ್ಟೈಟಿಸ್ ಅಂದ್ರೆ ಪಿತ್ತಕೋಶದ ಉರಿಯೂತ. ಅದು ಕಾಯಿಲೆ, ಮೊದಲನೇದು ಆಪರೇಷನ್.

ಆದ್ರೆ ನಿಜವಾಗಲೂ ಎಚ್ಚರ ಬೇಕಿರೋದು ತಲೆ ಕಡೆ. ‘ಗ್ಲೈಕ್’ ಅಂದ್ರೆ ಸಿಹಿ, ‘ಈಮಿಯಾ’ ಅಂದ್ರೆ ರಕ್ತದಲ್ಲಿ. ಮುಂದೆ ‘ಹೈಪರ್’ ಬಂದ್ರೆ ಸಕ್ಕರೆ ಹೆಚ್ಚು, ‘ಹೈಪೋ’ ಬಂದ್ರೆ ಕಡಿಮೆ. ಫೋನಲ್ಲಿ ಎರಡೂ ಒಂದೇ ಥರ ಕೇಳ್ಸುತ್ತೆ. ಚಿಕಿತ್ಸೆ ಮಾತ್ರ ಪೂರ್ತಿ ಉಲ್ಟಾ. ಇನ್ಸುಲಿನ್ ತಗೊಳ್ಳೋರಿಗೆ ಶುಗರ್ 70ಕ್ಕಿಂತ ಕೆಳಗೆ ಇಳಿದು, ಬೆವರು, ನಡುಕ ಶುರುವಾದ್ರೆ ಅದು ಹೈಪೋಗ್ಲೈಸೀಮಿಯಾ. ಪ್ರಜ್ಞೆ ಇದ್ದು ನುಂಗೋಕೆ ಆಗ್ತಿದ್ರೆ ತಕ್ಷಣ ಸಕ್ಕರೆ ನೀರು ಕೊಡಬೇಕು. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಅದನ್ನೇ ‘ಹೈಪರ್’ ಅಂದ್ಕೊಂಡು ಇನ್ನೊಂದು ಡೋಸ್ ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಅಪಾಯ.

ನೆನಪಿಡೋಕೆ ಒಂದು ದಾರಿ ಇದೆ. ಗ್ರೀಕಿನ ಹೈಪೋ, ಸಂಸ್ಕೃತದ ‘ಉಪ’ ಎರಡೂ ಒಂದೇ ಮೂಲದವು ಅಂತಾರೆ ಭಾಷಾ ವಿಜ್ಞಾನಿಗಳು. ಹೈಪರ್ ಮತ್ತು ‘ಉಪರಿ’ ಕೂಡ ಹಾಗೇ. ಉಪಮುಖ್ಯಮಂತ್ರಿ ಮುಖ್ಯಮಂತ್ರಿಗಿಂತ ಒಂದು ಮೆಟ್ಟಿಲು ಕೆಳಗೆ ತಾನೇ? ಹೈಪೋ ಅಂದ್ರೂ ಕೆಳಗೆ.

ಇನ್ನೊಂದು ಮಾತು. ಡಾಕ್ಟರಿಗೆ ಫೋನ್ ಮಾಡಿದಾಗ ಬರೀ ಪದ ಹೇಳಿ ಸುಮ್ಮನಾಗಬೇಡಿ. ‘ಶುಗರ್ ಕಡಿಮೆ ಆಗಿದೆ, ಮೀಟರಲ್ಲಿ 58 ತೋರಿಸ್ತಿದೆ’ ಅಂತ ಕನ್ನಡದಲ್ಲೇ, ನಂಬರ್ ಸಮೇತ ಹೇಳಿ. ಪದ ತಪ್ಪಾಗಿ ಕೇಳಿಸಿದ್ರೂ ನಂಬರ್ ಕಾಪಾಡುತ್ತೆ.